ಕೊಕ್ಕೆಯಲ್ಲೇ ಉಳಿದ ಬೀಗದ ಕೈಗಳು

2008ರ ಕೊನೆಯಲ್ಲಿ, ಜಗತ್ತೆಲ್ಲ ಆರ್ಥಿಕ ಹಿಂಜರಿತದಲ್ಲಿದ್ದಾಗ, ನಾನು ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸಕ್ಕಿದ್ದೆ. ಬುಕಿಂಗ್ ಕೌಂಟರ್ ನನ್ನದು. ಆಗಿನ ಒಂದು ಫೈಲು ಈಗಲೂ ಕಣ್ಣ ಮುಂದಿದೆ. ನಾಲ್ಕು ಜನರ ಕುಟುಂಬ. ಮೊದಲ ಸಲ ಬಂದಾಗ ಒಂಬತ್ತು ರಾತ್ರಿಯ ವಿದೇಶ ಪ್ರವಾಸ ಅಂತ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೆ. ಎರಡು ವಾರ ಬಿಟ್ಟು ಫೋನ್ ಬಂತು. ಒಂಬತ್ತನ್ನು ಅಳಿಸಿ ಆರು ಮಾಡಿದೆ. ಇನ್ನೊಂದು ವಾರಕ್ಕೆ ವಿದೇಶ ಬೇಡವಾಯಿತು. ಆಮೇಲೆ ವಿಮಾನವೂ ಬೇಡವಾಗಿ ರೈಲು ಬಂತು. ಕೊನೆಗೆ ಆ ಹಾಳೆಯಲ್ಲಿ ಉಳಿದದ್ದು ಮೂರು ರಾತ್ರಿ, ಒಂದು ರೂಮು, ಒಂದು ಎಕ್ಸ್‌ಟ್ರಾ ಬೆಡ್. ಅಳಿಸಿ ಅಳಿಸಿ ಅಷ್ಟು ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು.

ಆದರೂ ಅವರು ಹೋದರು. ಟಿಕೆಟ್ ತಗೊಳ್ಳಲು ಬಂದ ದಿನ ಆ ತಾಯಿ ಹೇಳಿದ ಮಾತು ನೆನಪಿದೆ. "ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದ್ವಿ. ಎಲ್ಲಿಗೆ ಅಂತ ಅವರು ಕೇಳ್ತಿಲ್ಲ. ಹೋಗ್ತೀವಾ ಇಲ್ವಾ ಅಂತ ಕೇಳ್ತಾರೆ ಅಷ್ಟೇ."

ಆರ್ಥಿಕ ಹಿಂಜರಿತ ಬಂದರೆ ಜನ ಓಡಾಟ ನಿಲ್ಲಿಸಿಬಿಡುತ್ತಾರೆ ಅಂತ ಹೊರಗಿನಿಂದ ನೋಡುವವರು ಅಂದುಕೊಳ್ಳುತ್ತಾರೆ. ಕೌಂಟರಿನ ಈಚೆ ಕೂತವರಿಗೆ ಕಾಣುವುದು ಬೇರೆ. ಹೊಸ ಕಾರು ಮುಂದಕ್ಕೆ ಹೋಗುತ್ತದೆ. ಮನೆಗೆ ಬಣ್ಣ ಹೊಡೆಸುವುದು ಮುಂದಕ್ಕೆ ಹೋಗುತ್ತದೆ. ಪ್ರವಾಸ ಮಾತ್ರ ಮುಂದಕ್ಕೆ ಹೋಗುವುದಕ್ಕಿಂತ ಜಾಸ್ತಿ ಚಿಕ್ಕದಾಗುತ್ತದೆ. ಮೊದಲು ದೂರ ಕಡಿಮೆಯಾಗುತ್ತದೆ, ಆಮೇಲೆ ರಾತ್ರಿಗಳು, ಆಮೇಲೆ ರೂಮಿನ ದರ್ಜೆ. ಬುಕಿಂಗ್ ಕೂಡ ತಡವಾಗುತ್ತದೆ. ಮೂರು ತಿಂಗಳು ಮೊದಲೇ ಅಡ್ವಾನ್ಸ್ ಕಟ್ಟುತ್ತಿದ್ದವರು ಮೂರು ದಿನ ಇರುವಾಗ ಫೋನ್ ಮಾಡುತ್ತಾರೆ, ಯಾಕೆಂದರೆ ಮುಂದಿನ ತಿಂಗಳು ಸಂಬಳ ಬರುತ್ತೋ ಇಲ್ಲವೋ ಅನ್ನುವ ಭಯ. ಆ ವರ್ಷ ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆಯೇ ಬದಲಾಗಿತ್ತು. ಮೊದಲೆಲ್ಲ "ಅಲ್ಲಿ ಏನೇನಿದೆ?" ಅನ್ನುತ್ತಿದ್ದರು. ಈಗ "ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್ ಬರುತ್ತೆ?" ಅನ್ನತೊಡಗಿದರು.

ಜಗತ್ತಿನ ಲೆಕ್ಕವೂ ಇದನ್ನೇ ಹೇಳಿತು. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಪ್ರಕಾರ 2009ರಲ್ಲಿ ದೇಶದಿಂದ ದೇಶಕ್ಕೆ ಹೋದ ಪ್ರವಾಸಿಗರ ಸಂಖ್ಯೆ ಸುಮಾರು ಶೇ. 4ರಷ್ಟು ಇಳಿದು 88 ಕೋಟಿಗೆ ಬಂತು. ಶೇ. 4 ಅಂದರೆ ಕಡಿಮೆ ಅಲ್ವಾ ಅನ್ನಿಸಬಹುದು. ಆದರೆ ಬಂದ ಆದಾಯ ಅದಕ್ಕಿಂತ ಜಾಸ್ತಿ, ಶೇ. 6ರ ಹತ್ತಿರ ಕುಸಿದಿತ್ತು. ಅಂದರೆ ಹೋದವರೂ ಕೈ ಹಿಡಿದೇ ಖರ್ಚು ಮಾಡಿದ್ದರು. ಎಲ್ಲ ಕಡೆಯೂ ಪೆಟ್ಟು ಒಂದೇ ಸಮ ಬೀಳಲಿಲ್ಲ. ಯುರೋಪು, ಅಮೆರಿಕ ಖಂಡಗಳು, ಮಧ್ಯಪ್ರಾಚ್ಯ ಎಲ್ಲ ಕೆಳಗಿಳಿದವು. ಆ ವರ್ಷ ಸಂಖ್ಯೆ ಏರಿದ್ದು ಆಫ್ರಿಕಾದಲ್ಲಿ ಮಾತ್ರ.

ಮನೆ ಹತ್ತಿರದ ಪ್ರವಾಸದ ಕಥೆ ಬ್ರಿಟನ್‌ನಲ್ಲಿ ತುಂಬಾ ಸ್ಪಷ್ಟವಾಗಿ ಕಾಣುತ್ತದೆ. 2007ರ ಶುರುವಿನಲ್ಲಿ ಒಂದು ಪೌಂಡ್ ಕೊಟ್ಟರೆ ಒಂದೂವರೆ ಯೂರೋ ಸಿಗುತ್ತಿತ್ತು. 2008ರ ಡಿಸೆಂಬರ್ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಒಂದೇ ಆದವು. ಕೆಲಸ ಹೋಗುವ ಭಯ ಒಂದು ಕಡೆ, ಹೊರದೇಶದಲ್ಲಿ ಎಲ್ಲವೂ ದುಬಾರಿ ಇನ್ನೊಂದು ಕಡೆ. 2008ರಲ್ಲಿ ಅಲ್ಲಿನವರು ಹೊರದೇಶಗಳಿಗೆ 6.9 ಕೋಟಿ ಸಲ ಹೋಗಿಬಂದಿದ್ದರು. 2009ರಲ್ಲಿ ಅದು 5.86 ಕೋಟಿಗೆ ಬಿತ್ತು. ಬೇಸಿಗೆ ಬಂದರೆ ಸ್ಪೇನ್ ಕಡೆ ಹಾರುತ್ತಿದ್ದವರು ತಮ್ಮದೇ ದೇಶದ ಕಡಲತೀರಗಳನ್ನೂ ಟೆಂಟ್ ಹಾಕುವ ಬಯಲುಗಳನ್ನೂ ಹುಡುಕಿದರು. 'ಸ್ಟೇಕೇಷನ್', ಅಂದರೆ ದೂರ ಹೋಗದೆ ಹತ್ತಿರದಲ್ಲೇ ಕಳೆಯುವ ರಜೆ, ಅನ್ನುವ ಪದ ಅಲ್ಲಿ ಎಲ್ಲರ ಬಾಯಿಗೆ ಬಂದದ್ದೇ ಆಗ. ಅದೇ ವರ್ಷ ಸ್ಪೇನ್‌ಗೆ ಬಂದವರ ಸಂಖ್ಯೆ ಶೇ. 9ರ ಹತ್ತಿರ ಇಳಿಯಿತು. ಒಂದು ಕಡಲತೀರಕ್ಕೆ ಬಂದ ಜನ ಇನ್ನೊಂದು ಕಡಲತೀರ ಕಳೆದುಕೊಂಡ ಜನ.

ಇಷ್ಟನ್ನೇ ನೋಡಿ ಹತ್ತಿರದ ಊರುಗಳಿಗೆ ಹಿಂಜರಿತ ಒಳ್ಳೆಯದೇ ಮಾಡಿತು ಅಂತ ಹೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. 2009ರಲ್ಲಿ ಕಂಪನಿ ನನ್ನನ್ನು ಒಂದು ಗುಡ್ಡದ ಊರಿಗೆ ಕಳಿಸುವವರೆಗೆ.

ಕೆಲಸ ಇಷ್ಟೇ. ಅಲ್ಲಿನ ಲಾಡ್ಜ್‌ಗಳನ್ನು ನೋಡಿ, ಮಾಲೀಕರ ಜೊತೆ ಮಾತಾಡಿ, ರೂಮಿನ ದರ ಇಳಿಸಿಕೊಂಡು ಬರುವುದು. "ಈಗ ಅವರಿಗೇ ಗರಜು, ಬಿಡಬೇಡ" ಅಂತ ಹೇಳಿಯೇ ಕಳಿಸಿದ್ದರು. ನಾನು ಹೋದದ್ದು ಮಂಗಳವಾರ. ಮೊದಲು ಹೊಕ್ಕ ಲಾಡ್ಜ್‌ನಲ್ಲಿ ಮಾಲೀಕರ ಹಿಂದಿನ ಗೋಡೆಗೆ ಒಂದು ಮರದ ಬೋರ್ಡು. ಇಪ್ಪತ್ತನಾಲ್ಕು ಕೊಕ್ಕೆ. ಇಪ್ಪತ್ತೆರಡು ಬೀಗದ ಕೈಗಳು ಅಲ್ಲೇ ತೂಗುತ್ತಿದ್ದವು. ಎರಡು ಮಾತ್ರ ಇರಲಿಲ್ಲ, ಅದರಲ್ಲಿ ಒಂದು ನನಗೆ ಕೊಟ್ಟದ್ದು.

"ಶನಿವಾರ ಬಂದು ನೋಡಿ ಸರ್, ಒಂದು ಕೈಯೂ ಇರಲ್ಲ" ಅಂದರು ಅವರು. ಸುಮ್ನೆ ಹೇಳಿದ್ದಲ್ಲ. ರಿಜಿಸ್ಟರ್ ತೆಗೆದು ತೋರಿಸಿದರು. ಎರಡು ವರ್ಷದ ಹಿಂದಿನ ಪುಟದಲ್ಲಿ ಹನ್ನೆರಡು ಹೆಸರು, ಅದರಲ್ಲಿ ಹೊರದೇಶದವರೇ ಜಾಸ್ತಿ. ಕೆಲವರು ಹತ್ತು ದಿನ, ಕೆಲವರು ಎರಡು ವಾರ ಇದ್ದವರು. ಈ ವರ್ಷದ ಅದೇ ತಿಂಗಳಲ್ಲಿ ಪುಟ ಪೂರ್ತಿ ತುಂಬಿ ಮುಂದಿನ ಪುಟಕ್ಕೂ ಹೋಗಿತ್ತು. ಹೆಸರುಗಳೇ ಹೆಸರುಗಳು. ಎಲ್ಲರೂ ಶನಿವಾರ ಮಧ್ಯಾಹ್ನ ಬಂದು ಭಾನುವಾರ ಬೆಳಿಗ್ಗೆ ಹೋದವರು. ಹೆಸರು ಎಣಿಸಿದರೆ ಊರು ಗೆದ್ದ ಹಾಗೆ. ರಾತ್ರಿ ಎಣಿಸಿದರೆ ಅರ್ಧಕ್ಕಿಂತ ಕಡಿಮೆ.

ಸಂಜೆ ಟೆರೇಸ್ ಮೇಲೆ ಹೋದೆ. ಈ ತುದಿಯಿಂದ ಆ ತುದಿಗೆ ಬಟ್ಟೆ ಒಣಗಿಸುವ ನಾಲ್ಕು ಸಾಲು ತಂತಿ. ಒಂದು ಹಾಸುಬಟ್ಟೆಯೂ ಇರಲಿಲ್ಲ. ಬಣ್ಣಬಣ್ಣದ ಪ್ಲಾಸ್ಟಿಕ್ ಕ್ಲಿಪ್ಪುಗಳು ಮಾತ್ರ ಸಾಲಾಗಿ ಕೂತಿದ್ದವು. ಮಾರನೆಯ ದಿನ ಹೊರಗೆ ಬಾಗಿಲ ಹತ್ತಿರ ಒಬ್ಬ ಹೆಂಗಸು ಸಿಕ್ಕರು. ರೂಮು ಸ್ವಚ್ಛ ಮಾಡಿ, ಬಟ್ಟೆ ಒಗೆಯುವವರು. ಆ ದಿನ ಕೆಲಸ ಇರಲಿಲ್ಲ. ಏನಾದರೂ ಇದೆಯಾ ಅಂತ ಕೇಳಲು ಬಂದಿದ್ದರು. ಮಾತಿಗೆ ಮಾತು ಬಂದು ಅವರು ಹೇಳಿದ ಲೆಕ್ಕ ನನಗೆ ಯಾವ ವರದಿಯಲ್ಲೂ ಸಿಕ್ಕಿರಲಿಲ್ಲ.

ಎರಡು ವಾರ ಇರುವವರ ಹಾಸಿಗೆ ಬಟ್ಟೆಯನ್ನು ಮೂರು ದಿನಕ್ಕೊಮ್ಮೆ ಬದಲಿಸುತ್ತಾರೆ. ಒಂದು ರಾತ್ರಿ ಇರುವವರದ್ದನ್ನು ಆ ಒಂದು ರಾತ್ರಿಗೇ ಬದಲಿಸಬೇಕು. ಹಾಗಾಗಿ ಭಾನುವಾರ ಮಧ್ಯಾಹ್ನ ಇಪ್ಪತ್ತನಾಲ್ಕು ರೂಮಿನ ಬಟ್ಟೆ ಒಟ್ಟಿಗೆ ಬೀಳುತ್ತದೆ. ತಂತಿ ಸಾಲದೆ ಕಟ್ಟೆಯ ಮೇಲೂ ಹರವುತ್ತಾರೆ. ಕತ್ತಲಾಗುವವರೆಗೆ ಬೆನ್ನು ಎತ್ತುವ ಹಾಗಿಲ್ಲ. ಸೋಮವಾರ ಅದನ್ನೆಲ್ಲ ಮಡಿಸಿಟ್ಟರೆ ಮುಗಿಯಿತು, ಮುಂದಿನ ಶನಿವಾರದವರೆಗೆ ಕೆಲಸವಿಲ್ಲ. ಮೊದಲು ಅವರಿಗೆ ತಿಂಗಳ ಸಂಬಳ ಇತ್ತಂತೆ. ಈಗ ಬಂದ ದಿನಕ್ಕೆ ಮಾತ್ರ ಕೂಲಿ. ವಾರಕ್ಕೆ ಎರಡು ದಿನ. "ಜನ ಏನು ಕಡಿಮೆ ಆಗಿಲ್ಲ ಸರ್, ಮೊದಲಿಗಿಂತ ಜಾಸ್ತಿನೇ ಬರ್ತಾರೆ. ನಮಗೆ ದಿನಗಳು ಕಡಿಮೆ ಆಗಿವೆ" ಅಂದರು.

ಅವರ ಮಾತು ಕೇಳಿದ ಮೇಲೂ ನಾನು ದರ ಇಳಿಸಿಕೊಂಡೇ ಬಂದೆ. ನನ್ನ ಕೆಲಸ ಅದಾಗಿತ್ತು. ಮಾಲೀಕರು ಜಾಸ್ತಿ ಚೌಕಾಸಿ ಮಾಡಲಿಲ್ಲ. ಬ್ಯಾಂಕಿನ ಕಂತು ಇತ್ತು ಅವರಿಗೆ. ಫಾರ್ಮ್ ಮೇಲೆ ಸಹಿ ಹಾಕುವಾಗ ಪೆನ್ನು ಒಂದು ಕ್ಷಣ ನಿಂತಿತ್ತು, ಅಷ್ಟೇ.

ರೂಮು ಅನ್ನುವ ಸರಕೇ ಹಾಗೆ. ಅಂಗಡಿಯ ಬಟ್ಟೆ ಇವತ್ತು ಮಾರದಿದ್ದರೆ ನಾಳೆ ಮಾರಬಹುದು. ಇವತ್ತಿನ ರಾತ್ರಿ ಖಾಲಿ ಹೋದ ರೂಮನ್ನು ನಾಳೆ ಮಾರಲಾಗುವುದಿಲ್ಲ. ಅದಕ್ಕೇ ಹಿಂಜರಿತದಲ್ಲಿ ಎಲ್ಲಕ್ಕಿಂತ ಮೊದಲು ಬೀಳುವುದು ಬಾಡಿಗೆ. ಲಾಸ್ ವೇಗಸ್ ನೋಡಿ. 2008ಕ್ಕೆ ಹೋಲಿಸಿದರೆ 2009ರಲ್ಲಿ ಅಲ್ಲಿಗೆ ಬಂದ ಜನ ಕಡಿಮೆಯಾದದ್ದು ನೂರಕ್ಕೆ ಮೂರರಷ್ಟು ಮಾತ್ರ. ಆದರೆ ರೂಮಿನ ಸರಾಸರಿ ಬಾಡಿಗೆ ದಿನಕ್ಕೆ 119 ಡಾಲರ್ ಇದ್ದದ್ದು 93ಕ್ಕೆ ಇಳಿಯಿತು. ಕಂಪನಿಗಳು ಸಭೆ ಸಮಾವೇಶಗಳನ್ನು ಕೈಬಿಟ್ಟವು. ಆ ಜಾಗವನ್ನು ಅಗ್ಗದ ದರಕ್ಕೆ ಬಂದವರು ತುಂಬಿದರು. ಬೀದಿಯಲ್ಲಿ ನಿಂತು ನೋಡಿದರೆ ಜನಜಂಗುಳಿ ಹಾಗೇ ಇತ್ತು. ಕೆಲಸಗಾರರ ಪಟ್ಟಿ ಮಾತ್ರ ಸಣ್ಣದಾಗುತ್ತಿತ್ತು.

ಇಳಿದ ಬಾಡಿಗೆ ಮತ್ತೆ ಏರುವುದು ಬಹಳ ನಿಧಾನ. ಆಮೇಲಿನ ವರ್ಷ ನಾನೇ ಕೌಂಟರಿನಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. "ಹೋದ ವರ್ಷ ಇಷ್ಟಕ್ಕೇ ಕೊಟ್ಟಿದ್ರಲ್ಲ?" ಗಿರಾಕಿಯ ತಪ್ಪಲ್ಲ ಅದು. ಒಮ್ಮೆ ಕಂಡ ದರವೇ ಅವರಿಗೆ ನ್ಯಾಯದ ದರ.

ಕೆಲವು ದೇಶಗಳಲ್ಲಿ ಇದಕ್ಕೆ ಪೂರ್ತಿ ಉಲ್ಟಾ ನಡೆದದ್ದೂ ಇದೆ. ಅಲ್ಲಿ ಹಣದ ಬೆಲೆಯೇ ಕುಸಿಯಿತು, ಹೊರಗಿನವರಿಗೆ ದೇಶವೇ ಅಗ್ಗವಾಯಿತು. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಹಣವಾದ ಬಾಟ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ 25 ಇದ್ದ ಬಾಟ್ ಆರೇ ತಿಂಗಳಲ್ಲಿ 50 ದಾಟಿತು. ಕಾರ್ಖಾನೆಗಳು ಮುಚ್ಚಿದವು, ಬ್ಯಾಂಕಾಕ್‌ನಲ್ಲಿ ಅರ್ಧ ಕಟ್ಟಿದ ಕಟ್ಟಡಗಳು ಹಾಗೇ ನಿಂತವು. ಸರ್ಕಾರ 'ಅಮೇಜಿಂಗ್ ಥಾಯ್ಲೆಂಡ್' ಅಂತ ಪ್ರಚಾರಕ್ಕೆ ಇಳಿಯಿತು. 1998ರಲ್ಲಿ ಪ್ರವಾಸಿಗರು ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಬಂದರು. ಅದೇ ಬಿಕ್ಕಟ್ಟಿನಲ್ಲಿ ದಕ್ಷಿಣ ಕೊರಿಯಾದವರ ವಿದೇಶ ಪ್ರವಾಸ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗದಷ್ಟು ಬಿದ್ದುಹೋಯಿತು. ಒಂದೇ ಬಿರುಗಾಳಿ, ಒಂದು ಕಡೆ ಬಾಗಿಲು ತೆರೆಯಿತು, ಇನ್ನೊಂದು ಕಡೆ ಮುಚ್ಚಿತು.

ಐಸ್‌ಲ್ಯಾಂಡ್ ಕಥೆ ಎಲ್ಲರಿಗೂ ಗೊತ್ತು. 2008ರ ಅಕ್ಟೋಬರ್‌ನಲ್ಲಿ ಮೂರು ದೊಡ್ಡ ಬ್ಯಾಂಕುಗಳು ಒಂದರ ಹಿಂದೆ ಒಂದು ಬಿದ್ದವು, ಅಲ್ಲಿನ ಹಣ ಕ್ರೋನಾ ಅರ್ಧ ಬೆಲೆ ಕಳೆದುಕೊಂಡಿತು. 2010ರ ಏಪ್ರಿಲ್‌ನಲ್ಲಿ ಜ್ವಾಲಾಮುಖಿ ಬೂದಿ ಎದ್ದು ಯುರೋಪಿನ ವಿಮಾನಗಳು ದಿನಗಟ್ಟಲೆ ನಿಂತವು. ಆ ವರ್ಷ ಅಲ್ಲಿಗೆ ಬಂದವರು 5 ಲಕ್ಷಕ್ಕೂ ಕಡಿಮೆ. 2018ಕ್ಕೆ 23 ಲಕ್ಷ ದಾಟಿತ್ತು. ಆಗ ಸುಮಾರು ಮೂರೂವರೆ ಲಕ್ಷ ಜನರಿದ್ದ ದೇಶ ಅದು. ಎಲ್ಲರೂ ಇದನ್ನು ಗೆಲುವಿನ ಕಥೆಯಾಗಿ ಹೇಳುತ್ತಾರೆ. ಆ ದೇಶವನ್ನು ಗುಂಡಿಯಿಂದ ಎತ್ತಿದ್ದರಲ್ಲಿ ಪ್ರವಾಸಿಗರ ಪಾಲು ದೊಡ್ಡದು, ಅದು ಸುಳ್ಳಲ್ಲ.

ನನ್ನ ಮನಸ್ಸು ನಿಲ್ಲುವುದು ಮಾತ್ರ ಗ್ರೀಸ್ ಹತ್ತಿರ. 2013ರಲ್ಲಿ ಅಲ್ಲಿ ನಿರುದ್ಯೋಗ ಶೇ. 27 ದಾಟಿತ್ತು. ಅದೇ ಹೊತ್ತಿನಲ್ಲಿ ಹೊರಗಿನ ಪ್ರವಾಸಿಗರು ಏರುತ್ತಲೇ ಇದ್ದರು. 2010ರಲ್ಲಿ ಒಂದೂವರೆ ಕೋಟಿ, 2019ರಲ್ಲಿ 3.1 ಕೋಟಿ. 2015ರ ಜೂನ್ ಕೊನೆಯಲ್ಲಿ ಬ್ಯಾಂಕುಗಳಿಗೆ ಬೀಗ ಬಿತ್ತು. ಎಟಿಎಂನಿಂದ ದಿನಕ್ಕೆ 60 ಯೂರೋಗಿಂತ ಜಾಸ್ತಿ ತೆಗೆಯುವ ಹಾಗಿರಲಿಲ್ಲ. ಈ ಮಿತಿ ಗ್ರೀಸ್‌ನ ಬ್ಯಾಂಕಿನ ಕಾರ್ಡ್ ಇದ್ದವರಿಗೆ. ಹೊರದೇಶದ ಕಾರ್ಡ್ ಇದ್ದವರಿಗೆ ಆ ಮಿತಿ ಇರಲಿಲ್ಲ. ಒಂದೇ ಸಾಲಿನಲ್ಲಿ ಇಬ್ಬರು ನಿಂತಿದ್ದಾರೆ ಅಂತ ಅಂದುಕೊಳ್ಳಿ. ಮುಂದಿರುವ ಅಜ್ಜನಿಗೆ ತನ್ನದೇ ದುಡ್ಡಿನಲ್ಲಿ 60 ಯೂರೋ ಸಿಗುತ್ತದೆ. ಹಿಂದಿರುವ ಪ್ರವಾಸಿ ಬೇಕಾದಷ್ಟು ತೆಗೆದುಕೊಂಡು ದ್ವೀಪದ ಹಡಗು ಹತ್ತುತ್ತಾನೆ. ಸರ್ಕಾರದ ಕಾರಣ ಅರ್ಥವಾಗುತ್ತದೆ. ಆ ಬೇಸಿಗೆಯಲ್ಲಿ ಪ್ರವಾಸಿಗಳೂ ಬರದೇ ಹೋಗಿದ್ದರೆ ಉಳಿದ ಕೆಲಸಗಳೂ ಹೋಗುತ್ತಿದ್ದವು. ಆದರೆ ಆ ವರ್ಷಗಳಲ್ಲಿ ಗ್ರೀಕರೇ ತಮ್ಮ ದ್ವೀಪಗಳಿಗೆ ರಜೆಗೆ ಹೋಗುವುದು ಕಡಿಮೆಯಾಯಿತು. ಬಂದವರ ಲೆಕ್ಕ ವಿಮಾನ ನಿಲ್ದಾಣದಲ್ಲಿ ಸಿಗುತ್ತದೆ. ಮನೆಯಲ್ಲೇ ಉಳಿದವರ ಲೆಕ್ಕ ಯಾವ ನಿಲ್ದಾಣದಲ್ಲೂ ಸಿಗುವುದಿಲ್ಲ.

ಅಗ್ಗವಾದರೆ ಸಾಕು, ಜನ ಬಂದೇ ಬರುತ್ತಾರೆ ಅನ್ನುವುದೂ ನಿಜವಲ್ಲ. ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ಹೊರಗಿನ ಸಾಲ ತೀರಿಸುವುದನ್ನು ನಿಲ್ಲಿಸಿತು. ಡಾಲರಿಗೆ 200ರ ಆಸುಪಾಸಿನಲ್ಲಿದ್ದ ಅಲ್ಲಿನ ರೂಪಾಯಿ 360ರ ಹತ್ತಿರ ಹೋಯಿತು. ಹೊರಗಿನವರ ಒಂದು ಡಾಲರಿಗೆ ಅಷ್ಟು ರೂಪಾಯಿ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಆದರೂ ಆ ವರ್ಷ ಬಂದವರು 7.2 ಲಕ್ಷ ಮಾತ್ರ. 2018ರಲ್ಲಿ 23 ಲಕ್ಷ ಬಂದಿದ್ದರು. ಪೆಟ್ರೋಲ್ ಇಲ್ಲದೆ, ಕರೆಂಟ್ ಇಲ್ಲದೆ, ಬಂಕ್ ಮುಂದೆ ದಿನಗಟ್ಟಲೆ ಸಾಲು ನಿಂತಿರುವಾಗ ಯಾರು ಹೋಗುತ್ತಾರೆ? ಸಾಲುಗಳು ಕರಗಿದ ಮೇಲೆ, 2023ರಲ್ಲಿ ಸುಮಾರು 15 ಲಕ್ಷ, 2024ರಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಜನ ಬಂದರು. ಭಾರತದಿಂದ ಹೋದವರೇ ಎಲ್ಲರಿಗಿಂತ ಹೆಚ್ಚು. ದೂರದವರು ಯೋಚಿಸುತ್ತಿರುವಾಗ ಪಕ್ಕದವರು ಹೊರಟುಬಿಡುತ್ತಾರೆ. ಬಿಕ್ಕಟ್ಟು ಮುಗಿದ ಮೇಲೆ ಮೊದಲು ಬರುವವರು ಸಾಮಾನ್ಯವಾಗಿ ನೆರೆಯವರೇ.

2020ರ ಕುಸಿತವನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಜಗತ್ತಿನ ಪ್ರವಾಸಿಗರ ಸಂಖ್ಯೆ 146 ಕೋಟಿ ಇದ್ದದ್ದು 40 ಕೋಟಿಯ ಹತ್ತಿರ ಬಂತು ನಿಜ, ಆದರೆ ಅಲ್ಲಿ ಜನ ಕೈ ಬಿಗಿ ಹಿಡಿದದ್ದಕ್ಕಿಂತ ಗಡಿಗಳೇ ಮುಚ್ಚಿದ್ದವು. ಅದು ಬೇರೆಯೇ ನೋವು.

ಹಿಂಜರಿತದಲ್ಲಿ ಸರ್ಕಾರಗಳು ಪ್ರವಾಸಕ್ಕೆ ದುಡ್ಡು ಹಾಕುವುದು ದಂಡ ಅಂತ ತುಂಬಾ ಜನ ಹೇಳುತ್ತಾರೆ. ಊಟಕ್ಕೇ ಕಷ್ಟ ಇರುವಾಗ ತಿರುಗಾಟ ಯಾಕೆ? ನನಗೆ ಇದು ಒಪ್ಪಿಗೆಯಿಲ್ಲ. 1930ರ ದಶಕದ ಮಹಾ ಕುಸಿತದಲ್ಲಿ ಅಮೆರಿಕ ಕೆಲಸವಿಲ್ಲದ ಯುವಕರನ್ನು ಕಾಡು ಬೆಟ್ಟಗಳಿಗೆ ಕಳಿಸಿತು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ 25 ನೇರವಾಗಿ ಅವರ ಮನೆಗೆ. 1933ರಿಂದ 1942ರವರೆಗೆ ಸುಮಾರು 30 ಲಕ್ಷ ಯುವಕರು ಹೀಗೆ ಗಿಡ ನೆಟ್ಟರು, ಕಾಲುದಾರಿ ಕಡಿದರು, ಉದ್ಯಾನಗಳಲ್ಲಿ ಕಲ್ಲಿನ ಸೇತುವೆ, ತಂಗುಮನೆ ಕಟ್ಟಿದರು. ಇವತ್ತು ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ನಡೆಯುವವರು ಎಷ್ಟೋ ಕಡೆ ಆ ಹುಡುಗರು ಕಡಿದ ದಾರಿಯಲ್ಲೇ ನಡೆಯುತ್ತಾರೆ. ಫ್ರಾನ್ಸ್ ಅದೇ ಕಷ್ಟದ ದಿನಗಳಲ್ಲಿ, 1936ರಲ್ಲಿ, ಎಲ್ಲ ಕೆಲಸಗಾರರಿಗೂ ಎರಡು ವಾರದ ಸಂಬಳ ಸಹಿತ ರಜೆ ಕೊಟ್ಟಿತು. ಲಿಯೋ ಲಗ್ರಾಂಜ್ ಅನ್ನುವ ಕಿರಿಯ ಮಂತ್ರಿ ರಜೆಗೆ ಹೋಗುವವರ ರೈಲು ಟಿಕೆಟ್ ಮೇಲೆ ಶೇ. 40 ರಿಯಾಯಿತಿ ತಂದರು. ಎಷ್ಟೋ ಜನ ಕೆಲಸಗಾರರು ಸಮುದ್ರ ನೋಡಿದ್ದೇ ಆ ಬೇಸಿಗೆಯಲ್ಲಿ.

ಸ್ಪೇನ್ ಮಾಡಿದ್ದು ನನಗೆ ಇನ್ನೂ ಇಷ್ಟ, ಯಾಕೆಂದರೆ ಅದರಲ್ಲಿ ಆ ಟೆರೇಸಿನ ತಂತಿಗೂ ಉತ್ತರ ಇದೆ. 1985ರಲ್ಲಿ, ನಿರುದ್ಯೋಗ ತುಂಬಾ ಜಾಸ್ತಿ ಇದ್ದಾಗ, ಅಲ್ಲಿನ ಸರ್ಕಾರ ಪಿಂಚಣಿದಾರರಿಗೆ ಒಂದು ಪ್ರವಾಸ ಯೋಜನೆ ತಂದಿತು. ಹೋಗುವುದು ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ. ಕಡಲತೀರದ ಹೋಟೆಲುಗಳು ಖಾಲಿ ಬಿದ್ದು ಬಾಗಿಲು ಹಾಕುವ ತಿಂಗಳುಗಳಲ್ಲಿ. ಖರ್ಚಿನಲ್ಲಿ ಒಂದು ಪಾಲು ಸರ್ಕಾರದ್ದು, ಉಳಿದದ್ದು ಹೋಗುವವರದ್ದು. ಹಿರಿಯರಿಗೆ ರಜೆಯ ದಿನ ಮುಖ್ಯವಲ್ಲ, ಸೋಮವಾರ ಆದರೂ ಸರಿ. ಹೋಟೆಲಿಗೆ ಲಾಭ ಕಡಿಮೆ, ಆದರೆ ಅಡುಗೆ ಮನೆಯ ಒಲೆ ಉರಿಯುತ್ತಿರುತ್ತದೆ, ಬಟ್ಟೆ ಒಗೆಯುವವರಿಗೆ ದಿನವೂ ಕೆಲಸ ಇರುತ್ತದೆ. ಹೋಟೆಲ್ ಮುಚ್ಚಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿದ್ದ ಸರ್ಕಾರಕ್ಕೆ ಆ ಖರ್ಚು ಉಳಿದು, ತೆರಿಗೆಯೂ ಬರುತ್ತದೆ. ಆ ಯೋಜನೆ ನಾಲ್ಕು ದಶಕ ದಾಟಿ ಈಗಲೂ ನಡೆಯುತ್ತಿದೆ. ಅಲ್ಲಿ ನೋಡಿದ್ದು ತಲೆಗಳನ್ನಲ್ಲ, ಖಾಲಿ ದಿನಗಳನ್ನು. ಬರೀ ಜಾಹೀರಾತಿಗೆ ದುಡ್ಡು ಸುರಿದು ಶನಿವಾರದ ಜನವನ್ನೇ ಇನ್ನಷ್ಟು ಹೆಚ್ಚಿಸುವ ಕಡೆಯೆಲ್ಲ ನನಗೆ ಇದೇ ನೆನಪಾಗುತ್ತದೆ.

2010ರಲ್ಲಿ ಜಗತ್ತಿನ ಪ್ರವಾಸಿಗರ ಸಂಖ್ಯೆ 94 ಕೋಟಿಗೆ ಏರಿತು. ಹಿಂಜರಿತಕ್ಕಿಂತ ಮೊದಲಿನ ಮಟ್ಟವನ್ನೂ ದಾಟಿತ್ತು. ನಮ್ಮ ಆಫೀಸಿನಲ್ಲೂ ಖುಷಿಯಿತ್ತು. ಆ ವರ್ಷದ ಕೊನೆಗೆ ನಾನು ಅದೇ ಗುಡ್ಡದ ಊರಿಗೆ ಮತ್ತೆ ಹೋದೆ, ಹೊಸ ವರ್ಷದ ದರ ಮಾತಾಡಲು. ಈ ಸಲವೂ ವಾರದ ಮಧ್ಯದಲ್ಲೇ. ಬೋರ್ಡಿನಲ್ಲಿ ಬೀಗದ ಕೈಗಳು ಏಳೋ ಎಂಟೋ ಇದ್ದವು. ಮಾಲೀಕರ ಮುಖದಲ್ಲಿ ಗೆಲುವಿತ್ತು. ದರವನ್ನು ಸ್ವಲ್ಪವಾದರೂ ಏರಿಸಿಕೊಡಿ ಅಂತ ಅವರು ಕೇಳುವ ಮೊದಲೇ ನಾನು ಫಾರ್ಮ್‌ನಲ್ಲಿ ಹಳೆಯ ದರವನ್ನೇ ಬರೆದೆ, ಇಳಿಸುವುದಕ್ಕೆ ಮೊದಲಿನದ್ದನ್ನು. ಆಫೀಸಿನಲ್ಲಿ ಅದಕ್ಕೆ ಮಾತು ಕೇಳಬೇಕಾಯಿತು.

ಟೆರೇಸ್‌ಗೆ ಹೋದೆ. ಮೂಲೆಯಲ್ಲಿ ಶೀಟು ಹೊದಿಸಿದ ಹೊಸ ಕೋಣೆ, ಒಳಗೆ ದೊಡ್ಡದೊಂದು ವಾಷಿಂಗ್ ಮೆಷಿನ್. ಬಟ್ಟೆ ಹರವುತ್ತಿದ್ದ ಹುಡುಗ ಹೊಸಬ. ಆ ಹೆಂಗಸಿನ ಬಗ್ಗೆ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಕೆಳಗೆ ಬಂದು ಮಾಲೀಕರನ್ನು ಕೇಳಿದೆ.

"ವಾರಕ್ಕೆರಡು ದಿನದಲ್ಲಿ ಹೇಗೆ ಬದುಕ್ತಾರೆ ಸರ್? ಮಳೆಗಾಲದ ಮೊದಲೇ ಮಗಳ ಊರಿಗೆ ಹೊರಟುಹೋದರು. ಸೀಸನ್ ಸರಿಹೋದ ಮೇಲೆ ಹೇಳಿ ಕಳಿಸೋಣ ಅಂದುಕೊಂಡೆ. ಫೋನ್ ನಂಬರ್ ಇರಲಿಲ್ಲ."